ಐದನೇ ಫಾರ್ಮು

ಮೂರು ತಿಂಗಳ ಪಗಾರದ ಬದಲಿಗೆ
ಪ್ರೆಸ್ಸಿನ ಸಾವಕಾರ ಅಪ್ಪಗ ರದ್ದಿ ಕೊಟ್ಟ.
ಶಾಯಿ ಚೆಲ್ಲಿದ್ದು, ಅಂಚು ಸೊಟ್ಟಾದದ್ದು,
ಮಕ್ಕಳ ಕಾದಂಬರಿಯೊಂದರ ಹತ್ತು ಫಾರ್ಮು,
ಬಾಡಿಗಿ ಸೈಕಲ್ಲಿನ ಮ್ಯಾಲೆ ನಾಕು ಖೇಪು.
ಬೆಟಗೇರಿಯ ನಮ್ಮ ಒಂದ ಖೋಲಿಯೊಳಗ
ಗ್ವಾಡಿಗೆ ಹಚ್ಚಿ ಪೇರಿಸಿ, ಮ್ಯಾಲೆ ಚಾಪಿ ಹಾಸಿ,
"ನೋಡ್ರಲೇ, ನಮಗೂ ಮಂಚ ಆತು" ಅಂದ.

ಅವ್ವ ಬಸ್ ಸ್ಟ್ಯಾಂಡ್ ಎದುರು ಮಿರ್ಚಿ ಮಂಡಕ್ಕಿ ಮಾರತಿದ್ದಳು.
ಆ ಹಾಳಿಯೊಳಗ ಪೊಟ್ಟಣ ಕಟ್ಟತಿದ್ದಳು.
ದಿನಾ ಸಂಜಿಗೆ ಒಂದೊಂದು ಬೆರಳು
ಮಂಚ ತಗ್ಗತಿತ್ತು.
ನಾವು ನಾಕು ಮಂದಿ, ಫಕೀರ, ಕಾಶವ್ವ, ದ್ಯಾವಣ್ಣ, ನಾನು,
ನೆಲ ಮುಟ್ಟೂದ್ರೊಳಗ ಓದಿ ಮುಗಸಬೇಕಂತ
ಕಂದೀಲಿಗೆ ತಲಿ ಕೊಟ್ಟು ಕುಂದರತಿದ್ವಿ.

ಕಥಿ ಒಬ್ಬ ಗಡಿಯಾರ ರಿಪೇರಿಯವನ ಮನಿದು.
ಐದು ಮಕ್ಕಳು, ಒಂದ ಕೊಡಿ.
ಮಳಿಗಾಲಕ್ಕ ಪಾಳಿ ಹಚ್ಚಿ ಸಾಲಿಗೆ ಹೋಗ್ತಾರ.
ಊರ ಮಂದಿ ಗಡಿಯಾರೆಲ್ಲ ಸರಿ ಮಾಡಾಂವನ ಮನ್ಯಾಗ
ಟೈಮು ಹೇಳೂದು ಹುಂಜ.
ಅಪ್ಪ ನಕ್ಕೋತ ಅಂಟು ಕುದಿಸತಿದ್ದ.
"ಮೈಲುತುತ್ತ ಹಾಕಿರದಿದ್ರ
ಇದನ್ನ ಇವತ್ತು ಊಟಕ್ಕ ಬಡಸತಿದ್ದೆ" ಅಂತಿದ್ದ.
ಖರೇ ಹೇಳಬೇಕಂದ್ರ
ಮೈದಾ ಬೇಯೂ ವಾಸನಿಗೆ ನಮ್ಮ ಹೊಟ್ಟಿ
ಒಂದೆರಡು ಸಲ ಮೋಸ ಹೋಗಿತ್ತು.

ಉಳಿದ ಹಾಳಿ ಮಡಿಸಿ, ಹೊಲದು, ರಟ್ಟು ಹಾಕಿ
ಅಪ್ಪ ನಮಗೊಂದು ಪುಸ್ತಕ ಮಾಡಿಕೊಟ್ಟ.
ಐದನೇ ಫಾರ್ಮು ಒಂದೂ ಇರಲಿಲ್ಲ.
ಅರವತ್ನಾಕನೇ ಪುಟದ ಕಡೀ ಸಾಲು:
"ಬಾಗಿಲು ತೆರೆದಾಗ ಹೊಸ್ತಿಲಲ್ಲಿ ನಿಂತಿದ್ದವರು"
ಎಂಬತ್ತೊಂದರ ಮೊದಲ ಸಾಲು:
"ಎಂದು ಹೇಳಿ ತಾಯಿಯೇ ಮೊದಲು ನಕ್ಕಳು."

ಹೊಸ್ತಿಲದಾಗ ಯಾರು?
ಆನಿ ಅಂದ ಫಕೀರ. ಕರೆಂಟ್ ಬಿಲ್ಲಿನಾಂವ ಅಂದ ದ್ಯಾವಣ್ಣ.
ಕಾಶವ್ವ ಒಬ್ಬ ಚಿಕ್ಕಮ್ಮನ್ನ ಕಳಿಸಿದಳು,
ಡಬ್ಬಿ ತುಂಬ ಶೇಂಗಾ ಹೋಳಿಗಿ ಹಿಡಕೊಂಡು.
ದಿನಕ್ಕೊಬ್ಬರು ಬಂದ್ರು. ಪ್ರತೀ ಸಲ ತಾಯಿ ನಕ್ಕಳು.

ಒಂದ ಒಂದು ತೊಡಕು.
ಎಂಬತ್ತೊಂದರ ಮುಂದ ಸಣ್ಣ ಹುಡುಗ ಬಾಬುನ ಹೆಸರ ಇಲ್ಲ.
ಬರದಾಂವ ಮರತಾನ ಅನಕೊಂಡ್ವಿ, ಅಷ್ಟ.
ಮಕ್ಕಳು ಉಣ್ಣಾಕ ಕುಂತಾಗ "ಮತ್ತು ಬಾಬು" ಅಂತ ಸೇರಿಸಿ ಓದಿದ್ವಿ,
ಕೊಡಿ ಪಾಳಿಯೊಳಗ ಅವಂದೂ ಹಿಡದ್ವಿ.
ನಡುವ ತಪ್ಪಿದ್ರ
ಒಲಿ ಮುಂದಿನಿಂದ ಅವ್ವನ ದನಿ:
"ಬಾಬುಗೂ ಒಂದು ರೊಟ್ಟಿ ಹಾಕ್ರೆಲೇ."

ಮೂವತ್ತು ವರ್ಷದ ಮ್ಯಾಲೆ,
ಧಾರವಾಡದ ಹಳೇ ವಾಚನಾಲಯವೊಂದರ ಕೆಳಗಿನ ಕಪಾಟಿನ್ಯಾಗ
ಅದ ಪುಸ್ತಕ, ಇಡೀದು.
ಹೊಸ್ತಿಲದಾಗ ನಿಂತಾಂವ ಡಾಕ್ಟರು.
ಹದಿನಾರು ಪುಟ.
ಯಾರೂ ನಗಲಿಲ್ಲ ಅದರಾಗ.
ಹುಂಜ ಕೂಗಿದ್ದೂ ಬರದಿಲ್ಲ.
ಎಂಬತ್ತನೇ ಪುಟದ ಕೊನಿಗೆ ತಾಯಿ ಕೊಡಿ ಬಿಡಿಸಿ ಅಂತಾಳ:
"ಇನ್ನು ಪಾಳಿ ಬೇಗ ಬೇಗ ಬರುತ್ತದೆ"

ಪುಸ್ತಕ ಮುಚ್ಚಿ ಸುಮ್ಮನ ಕುಂತೆ.
ಅವ್ವ ನಾಕನೇತ್ತೆ ಪಾಸು.
ಬಾಣಲಿ ಮುಂದ ಕುಂತಾಗ
ಪೊಟ್ಟಣ ಸುತ್ತೂ ಮೊದಲು ಕಣ್ಣಾಡಸತಿದ್ದಳು,
ಅಕ್ಷರ ಮರೀಬಾರದಂತ.
ಹತ್ತು ಗಟ್ಟಿಯೊಳಗ ಅದೊಂದ ಹೆಂಗ ಮೊದಲ ಖಾಲಿ ಆತು?

ಊರಿಗೆ ಹೋದಾಗ ಕೇಳೇಬಿಟ್ಟೆ.
ಅವ್ವ ಮೆಣಸಿನಕಾಯಿ ಹಿಟ್ಟಿನ್ಯಾಗ ಎದ್ದಿ
ಎಣ್ಣಿಗೆ ಬಿಟ್ಟಳು. ಅದು ಚುಂಯ್ ಅಂತು.
"ಆವತ್ತ ಗಿರಾಕಿ ಭಾಳ ಇದ್ರು" ಅಂದಳು.
"ತಿನ್ನು, ಆರತಾವ."